ಗೇಟಿನ ತಪಾಸಣೆ

“ಬಿಳಿ ರಕ್ತಕಣ ಅಂದ್ರೆ ಮೈಯ ಕಾವಲಿನವರು,” ಎಂದರು ಡಾಕ್ಟರು, ಅವನ ಊದಿದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ. “ಹೊರಗಿಂದ ಬರೋ ರೋಗಾಣು ಹಿಡಿಯೋದು ಅವರ ಕೆಲಸ. ನಿಮ್ಮವರು ನಿಮ್ಮ ಕೀಲುಗಳನ್ನೇ ಕಳ್ಳರು ಅಂದ್ಕೊಂಡು ಬಡೀತಿದ್ದಾರೆ.”

ಗಡಿಯಾರ ಕಾರ್ಖಾನೆಯ ಗೇಟಿನಲ್ಲಿ ಬರುವವರ, ಹೋಗುವವರ ಚೀಲ ತಡಕುವುದೇ ಅವನ ಕೆಲಸ. ಮುಖದಲ್ಲಿ ನೋವಿಗಿಂತ ಹೆಮ್ಮೆಯೇ ಹೆಚ್ಚು ಕಂಡಿತು. “ಅನುಮಾನ ಪಡೋದು ತಪ್ಪಲ್ಲ ಡಾಕ್ಟ್ರೇ.”

“ಮಾತ್ರೆ ಕೊಡ್ತೀನಿ. ಅವರಿಗೆ ಸ್ವಲ್ಪ ಮಂಪರು ಹತ್ತುತ್ತೆ. ತಪ್ಪಿಸಿದ್ರೆ ಬೆರಳು ಸೊಟ್ಟಗೇ ನಿಂತುಬಿಡ್ತವೆ.”

ಮಂಪರು ಎಂದದ್ದೇ ಅವನು ಮುಖ ಗಂಟಿಕ್ಕಿದ. ಗೇಟಿನಲ್ಲಿ ತೂಕಡಿಸಿದ ಜೊತೆಗಾರನನ್ನು ತಾನೇ ಹಿಡಿದುಕೊಟ್ಟು ಕೆಲಸದಿಂದ ತೆಗೆಸಿದವನು ಅವನು. ಆ ಜೊತೆಗಾರ ಅವನ ಹೆಂಡತಿಯ ಅಣ್ಣ.

ಮನೆಗೆ ಬಂದವನೇ ಮಾತ್ರೆಯ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದ. “ಕಾವಲಿನವರನ್ನ ಮಲಗಿಸಿ ಬದುಕೋ ಗತಿ ನನಗಿನ್ನೂ ಬಂದಿಲ್ಲ.”

“ಬೆರಳು ಮಡಚೋಕಾಗದಿದ್ರೆ ಗೇಟಿನಿಂದ ತೆಗೀತಾರೆ ಕಣ್ರೀ. ಆಮೇಲೆ ಯಾರ ಚೀಲ ತಡಕ್ತೀರಿ, ನನ್ನದಾ?” ಎಂದಳು ಹೆಂಡತಿ.

“ನಿಂದು ಈಗ ಬಿಟ್ಟಿದೀನಾ?”

ಬಿಟ್ಟಿರಲಿಲ್ಲ. ಮಧ್ಯಾಹ್ನ ಅವಳು ತರುವ ಊಟದ ಡಬ್ಬಿಯನ್ನೂ ಗೇಟಿನಲ್ಲಿ ಬಿಚ್ಚಿ, ಚಮಚದಿಂದ ಅನ್ನ ಕೆದಕಿ, ತಳ ಬಡಿದು ನೋಡಿದ ಮೇಲೇ ಅವನು ಉಣ್ಣುತ್ತಿದ್ದದ್ದು. ಅವನು ಹೊರಗೆ ಹೋದ ಮೇಲೆ ಅವಳು ಬುಟ್ಟಿಯಿಂದ ಪೊಟ್ಟಣ ತೆಗೆದು, ಸೆರಗಿನಿಂದ ಒರೆಸಿ, ಅಕ್ಕಿ ಡಬ್ಬದ ಹಿಂದಿಟ್ಟಳು. ಮರುದಿನದಿಂದ ಮಾತ್ರೆ ಚಮಚದ ಬೆನ್ನಡಿ ಪುಡಿಯಾಗಿ ಅವನ ಮೊಸರಿನಲ್ಲಿ ಕರಗತೊಡಗಿತು. ಪೊಟ್ಟಣ ತೀರಿದಾಗ ಡಾಕ್ಟರ ಬಳಿ ಅವಳೊಬ್ಬಳೇ ಹೋಗಿಬಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಊತ ಇಳಿಯಿತು. ಒಂದು ಮಧ್ಯಾಹ್ನ ಗೇಟಿನಲ್ಲಿ ಅವನು ಮುಷ್ಟಿ ಮಡಚಿ, ಬಿಚ್ಚಿ ತೋರಿಸಿದ. “ನೋಡು. ಯಾವ ಮಾತ್ರೇನೂ ಇಲ್ಲದೆ ನನ್ನವರಿಗೆ ತಾವಾಗೇ ಬುದ್ಧಿ ಬಂತು.”

“ಬಂತಲ್ಲ, ಸಾಕು.”

ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ಬಿಚ್ಚಿದ. ಅನ್ನ ಕೆದಕಿದ, ತಳ ಬಡಿದ. ಮೊಸರಿನ ಬಟ್ಟಲನ್ನು ಬೆಳಕಿಗೆ ಹಿಡಿದು ಆಚೀಚೆ ವಾಲಿಸಿ ನೋಡಿದ.

“ನನ್ನ ಕಣ್ಣು ತಪ್ಪಿಸಿ ಒಂದು ಚೂರೂ ಒಳಗೆ ಹೋಗಲ್ಲ,” ಎಂದು ಬಟ್ಟಲನ್ನೆತ್ತಿ ಗಟಗಟ ಕುಡಿದ.