ಡಕೋಟದ ಸರಕು

ವಿಮಾನದ ನೆಲದ ಹಲಗೆಯೊಂದನ್ನು ಎಬ್ಬಿಸಿ ಅದರಡಿಗೆ ಕೈಹಾಕಿದ ಹನೀಫಾ, ಮುಷ್ಟಿ ತುಂಬ ಏನನ್ನೋ ಹೊರತೆಗೆದ. ಒಣಗಿ ಕಲ್ಲಾಗಿದ್ದ ಕಪ್ಪು ಉಂಡೆಗಳು, ಕರಿಮೆಣಸಿಗಿಂತ ಸ್ವಲ್ಪ ದೊಡ್ಡವು.

"ಹುಕ್ರಪ್ಪಣ್ಣ, ಇದು ಆಡಿನ ಹಿಕ್ಕೆ ಅಲ್ವಾ?"

ಹುಕ್ರಪ್ಪ ಪಕ್ಕದ ಹಲಗೆಯ ಧೂಳು ಒರೆಸತೊಡಗಿದರು. ಮೂಡುಬಿದಿರೆಯ ಹೊರಗೆ ಹೊಸದಾಗಿ ತೆರೆಯಲಿದ್ದ ವಸ್ತುಸಂಗ್ರಹಾಲಯಕ್ಕೆ ಈ ಹಳೆಯ ಡಕೋಟ ವಿಮಾನ ಲಾರಿಗಳಲ್ಲಿ ತುಂಡು ತುಂಡಾಗಿ ಬಂದಿತ್ತು. ಸೈನ್ಯದಲ್ಲಿದ್ದಾಗ ಇದೇ ನಂಬರಿನ ವಿಮಾನದಲ್ಲಿ ನಾಲ್ಕು ವರ್ಷ ಹಾರಿದವರೆಂದು ಹುಕ್ರಪ್ಪನವರನ್ನು ಅವರ ಊರು ನರಿಕೊಂಬಿನಿಂದ ಕರೆಸಿದ್ದರು. ಯಾವುದು ಎಲ್ಲಿತ್ತು ಎಂದು ಅವರು ತೋರಿಸಬೇಕು. ಮಡಂತ್ಯಾರಿನಲ್ಲಿ ಬಸ್ಸುಗಳ ಬಾಡಿ ಕಟ್ಟುವ ಹನೀಫಾ ಅದನ್ನು ಹಾಗೆಯೇ ಕೂರಿಸಬೇಕು. ಹುಕ್ರಪ್ಪನವರ ಹೆಂಡತಿ ಪ್ರೇಮಾವತಿಯೂ ದಿನಾ ಜೊತೆಗೆ ಬಂದು, ಗಂಡ ಏಣಿ ಹತ್ತಿ ಇಳಿಯುವಾಗಲೆಲ್ಲ ಕೆಳಗೆ ನಿಂತು ಅವರ ಪಾದಗಳನ್ನೇ ನೋಡುತ್ತಿದ್ದರು.

ಸಂಗ್ರಹಾಲಯದ ಸುಪ್ರೀತಾ ಕೈಯಲ್ಲಿದ್ದ ಪುಸ್ತಕ ತೆರೆದಳು. ವಿಮಾನದ ಬಳಿ ಹಾಕುವ ಫಲಕಕ್ಕೆ ಅದು ಏನೇನು ಹೊತ್ತಿತ್ತೆಂದು ಬರೆಯುವ ಹೊಣೆ ಅವಳದು. ಬಂದೂಕು, ಮದ್ದುಗುಂಡು, ಪ್ಯಾರಾಚೂಟಿನ ಯೋಧರು ಎಂದು ನಿನ್ನೆಯಷ್ಟೇ ಹುಕ್ರಪ್ಪ ಬರೆಸಿದ್ದರು. ಊರಲ್ಲಿ ಐವತ್ತು ವರ್ಷಗಳಿಂದ ಹೇಳುತ್ತ ಬಂದದ್ದೂ ಅದನ್ನೇ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳೆದುರು ಅದನ್ನೇ ಹೇಳಿ ಶಾಲು ಹೊದೆಸಿಕೊಂಡಿದ್ದರು. ಉದ್ಘಾಟನೆಗೆ ನರಿಕೊಂಬಿನವರು ಎರಡು ಬಸ್ಸು ಮಾಡಿ ಬರುವುದೆಂದು ನಿಶ್ಚಯವಾಗಿತ್ತು.

"ಇಲಿಯದ್ದಿರಬೇಕು ಮಾರಾಯ," ಎಂದರು ಹುಕ್ರಪ್ಪ.

"ಅಷ್ಟು ದೊಡ್ಡ ಇಲಿ ಇದ್ದಿದ್ದರೆ ವಿಮಾನ ಮೇಲೇಳ್ತಾ ಇರಲಿಲ್ಲ," ಎಂದ ಹನೀಫಾ. "ನಮ್ಮ ಮನೆಯಲ್ಲಿ ಹನ್ನೆರಡು ಆಡು ಉಂಟು. ನನಗೆ ಹೇಳ್ಬೇಡಿ."

ಹುಕ್ರಪ್ಪ ಬಾಗಿಲ ಪಕ್ಕದಲ್ಲಿ ಕುಳಿತುಬಿಟ್ಟರು. ಒಂದು ಉಂಡೆಯನ್ನು ಅಂಗೈಯಲ್ಲಿಟ್ಟು ತುಸು ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ ಹೇಳತೊಡಗಿದರು. ರಸ್ತೆಯೇ ಇಲ್ಲದ ಬೆಟ್ಟದ ಠಾಣೆಗಳಿಗೆ ಅವರು ಕೆಳಗಿಳಿಸುತ್ತಿದ್ದದ್ದು ಉಪ್ಪು, ನೀರುಳ್ಳಿ, ಸೀಮೆಎಣ್ಣೆ. ಹಬ್ಬದ ಸಮಯಕ್ಕೆ ಜೀವಂತ ಆಡುಗಳು, ಬಿದಿರಿನ ಬುಟ್ಟಿಯಲ್ಲಿ ಕಟ್ಟಿ, ಮೇಲೊಂದು ಪ್ಯಾರಾಚೂಟು. ಬಾಗಿಲಿನಿಂದ ಗಾಳಿ ನುಗ್ಗಿದೊಡನೆ ಅವು ಒಂದೇ ಸಮನೆ ಕೂಗುತ್ತಿದ್ದವು. ಬುಟ್ಟಿಯೊಳಗೆ ಕೈಯಿಟ್ಟರೆ ಬೆವರಿನ ಉಪ್ಪು ನೆಕ್ಕುತ್ತ ಸುಮ್ಮನಾಗುತ್ತಿದ್ದವು. ಅದೇ ಕೈಯಿಂದ ಅವನ್ನು ಹೊರಗೆ ತಳ್ಳಬೇಕು. ಕೆಳಗೆ ಹಿಮದಲ್ಲಿ ಇರುವೆಗಳಷ್ಟು ಸಣ್ಣಗೆ ಕಾಣುವ ಜನ ಟೊಪ್ಪಿ ಎಸೆಯುತ್ತ ಓಡಿ ಬರುತ್ತಿದ್ದರು. ಅಂಥ ಸಂತೋಷವನ್ನು ತಾನು ಮತ್ತೆಲ್ಲೂ ನೋಡಿಲ್ಲವೆಂದರು.

"ಬಂದೂಕು ನಾನು ಒಂದೇ ಒಂದು ಇಳಿಸಿಲ್ಲ. ನಿನ್ನೆ ಬರೆಸಿದ್ದನ್ನು ಹೊಡೆದುಹಾಕಿ," ಎಂದರು ಸುಪ್ರೀತಾಳಿಗೆ. ಪ್ರೇಮಾವತಿ ನಿಂತಿದ್ದ ಕಡೆ ತಿರುಗುವ ಧೈರ್ಯವಾಗಲಿಲ್ಲ. "ಊರಿನವರು ನಗಾಡ್ಲಿ. ಇವಳಿಗೂ ನಾನು ಇಷ್ಟು ವರ್ಷ ಸುಳ್ಳೇ ಹೇಳಿದ್ದು."

ಪ್ರೇಮಾವತಿ ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಗಂಡನ ಹೆಗಲ ಮೇಲಿನ ಧೂಳು ಕೊಡವಿ ಪಕ್ಕದಲ್ಲಿ ಕುಳಿತರು.

"ಮದುವೆಯಾದ ಮೇಲೆ ಮೊದಲ ರಜೆಗೆ ಬಂದಾಗ ನಿಮ್ಮ ಯೂನಿಫಾರ್ಮ್ ಹೊಳೆಯಲ್ಲಿ ಒಗೆದದ್ದು ನಾನಲ್ವಾ?" ಎಂದರು. "ಎರಡು ಸಲ ಒಗೆದ್ರೂ ಆಡಿನ ವಾಸನೆ ಹೋಗ್ಲಿಲ್ಲ. ನೀವು ಜಗಲಿಯಲ್ಲಿ ಜನ ಸೇರಿಸಿ ಬಂದೂಕಿನ ಕಥೆ ಹೇಳ್ತಾ ಇದ್ರಿ. ಬಂದವರ ಮೂಗಿಗೆ ಬಡಿದೀತು ಅಂತ ನಾನು ಮೂರನೇ ಸಲ ಸಾಬೂನು ಹಾಕಿದೆ."