ಮೌಸೇ ಕೊಡಿ

ವಿಚ್ಛೇದನದ ಕೇಸುಗಳು ಈಗ ನ್ಯಾಯಾಲಯದ ಶೂಟಿಂಗ್ ಗೇಮಿನಲ್ಲೇ ತೀರ್ಮಾನವಾಗುತ್ತವೆ. ಗುಂಡು ತಾಗಿದರೆ ವಿಚ್ಛೇದನ, ಹೊಡೆದವರಿಗೆ ಮನೆ. ಗಂಟೆ ಬಾರಿಸುವವರೆಗೂ ಯಾರಿಗೂ ತಾಗದಿದ್ದರೆ ಅರ್ಜಿ ವಜಾ.

"ಮೌಸ್-ಕೀಬೋರ್ಡಾ, ಕಂಟ್ರೋಲರ್ರಾ?" ಗುಮಾಸ್ತ ಎಂದಿನಂತೆ ಕೇಳಿದ.

ತಿಪ್ಪೇಶ ಮೌಸ್ ಎಂದ. ಮನೆಯಲ್ಲೂ ಅವನದು ಅದೇ. ಹಿಡಿದರೆ ಗುರಿ ತಪ್ಪಿದ್ದೇ ಇಲ್ಲ.

"ನಂಗೂ ಮೌಸೇ ಕೊಡಿ," ಎಂದಳು ಹೆಂಡತಿ ವಿಮಲಾಕ್ಷಿ.

"ಚೀಲದಲ್ಲಿ ನಿಮ್ದೇ ಕಂಟ್ರೋಲರ್ ಇದೆಯಲ್ಲಮ್ಮ. ಅದಾದ್ರೆ ಗುರಿ ತಾನಾಗೇ ಎದುರಾಳಿ ಕಡೆ ಎಳೆಯುತ್ತೆ. ಮೌಸ್‌ನಲ್ಲಿ ಎಲ್ಲಾ ನಿಮ್ ಕೈಯೇ. ಮನೆ ಬೇಡ್ವಾ?"

"ಇರ್ಲಿ, ಮೌಸೇ ಕೊಡಿ."

ಪರದೆಯ ಓಣಿಯೊಂದರ ತಿರುವಿನಲ್ಲಿ ಇಬ್ಬರೂ ಎದುರಾದರು. ಅವಳು ಮೌಸನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಒತ್ತಿದಳು. ಅವನ ಹಿಂದಿನ ಗೋಡೆಯ ಗಾರೆ ಉದುರಿತು. ಇನ್ನು ಅವನು ಬಿಡುವುದಿಲ್ಲವೆಂದು ಕಣ್ಣು ಮುಚ್ಚಿದಳು. ಗುಂಡಿನ ಸದ್ದಾಯಿತು. ಕಣ್ಣು ತೆರೆದರೆ ಅವಳ ತಲೆಯ ಮೇಲಿನ ಬೀದಿದೀಪ ಮಾತ್ರ ಒಡೆದಿತ್ತು. ಆಮೇಲೆ ಗಂಟೆ ಬಾರಿಸುವವರೆಗೆ ಇಬ್ಬರೂ ಗೋಡೆಗೇ ಹೊಡೆದರು.

ಮೆಟ್ಟಿಲು ಇಳಿಯುವಾಗ ಅವನು ಎಷ್ಟೋ ತಿಂಗಳ ಮೇಲೆ ಮಾತಾಡಿದ. "ಕಂಟ್ರೋಲರ್ ತಗೊಂಡಿದ್ರೆ ನಿನ್ ಗುರಿ ತಪ್ತಿರ್ಲಿಲ್ಲ."

"ಅದಕ್ಕೇ ತಗೊಳ್ಳಲಿಲ್ಲ," ಎಂದಳು. "ಅದಿರ್ಲಿ, ನಿಮ್ಮ ಕೈಗೇನಾಗಿತ್ತು?"