ಮೊದಲು ಕಂಡವರ ಮೀನು

ಆ ಬೆಳಿಗ್ಗೆ ಹೊನ್ನಾವರದಲ್ಲಿ ಮೀನುದೋಣಿಗಳು ನಿಲ್ಲುವ ದಕ್ಕೆಯ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಗಂಗೆಯ ಕಣ್ಣಿಗೆ ಮೊದಲು ಬಿದ್ದದ್ದು ವಿಶಾಲನ ಹೆಗಲ ಶಾಲಿನ ಜರಿ. ನೆಪ್ಚೂನಿನಾಚೆ ಹೊಸ ಹಿಮಕಾಯವೊಂದನ್ನು ಕಂಡುಹಿಡಿದನೆಂದು ಕೇರಿಯವರು ಹೊದೆಸಿದ ಶಾಲು ಅದು. ಕುಮಟಾದ ಕಾಲೇಜೊಂದರಲ್ಲಿ ಇಬ್ಬರೂ ಒಂದೇ ಪರದೆಯೆದುರು ಕೂತು ದೂರದರ್ಶಕದ ಚಿತ್ರಗಳನ್ನು ಸೋಸುತ್ತಿದ್ದರು. ನಕ್ಷತ್ರಗಳ ನಡುವೆ ಸರಿದ ಮಸುಕು ಚುಕ್ಕೆಯ ಮೇಲೆ ಮೊದಲು ಬೆರಳಿಟ್ಟವಳು ಗಂಗೆ. ವರದಿ ಕಳಿಸಿದವನು ವಿಶಾಲ, ತನ್ನೊಬ್ಬನ ಹೆಸರಲ್ಲಿ.

“ಕಂಡದ್ದು ನಾನು,” ಎಂದಳು.

“ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು ಮಾರಾಯ್ತಿ,” ಎಂದು ವಿಶಾಲ ನಕ್ಕ. ಸುತ್ತಲಿದ್ದವರೂ ನಕ್ಕರು. “ಮನೆಗೆ ಹೋಗೇ, ಒಳ್ಳೇ ದಿನ ಹಾಳು ಮಾಡ್ಬೇಡ,” ಎಂದು ಯಾರೋ ಗದರಿದರು.

ವಿಶಾಲನ ಅಪ್ಪ, ದೋಣಿ ನಡೆಸುವ ನಾಗ ತಾಂಡೇಲ ಮಾತ್ರ ನಗಲಿಲ್ಲ. ಅವನ ದೋಣಿಯಲ್ಲಿ ಮೀನಿನ ಹಿಂಡನ್ನು ಮೊದಲು ಕಂಡವರು ದೋಣಿಯ ಮೂತಿ ಮುಟ್ಟಿ ‘ನಾನು ಕಂಡೆ’ ಎನ್ನಬೇಕು. ಆಮೇಲೇ ಆ ದಿನದ ಮೊದಲ ಮೀನು ಅವರದು. ಮೂತಿಗೆ ಕುಂಕುಮವಿಟ್ಟು ಕೈಮುಗಿದೇ ಕಡಲಿಗಿಳಿಯುವ ಜನ ಅದನ್ನು ಮುಟ್ಟಿ ಸುಳ್ಳಾಡಿದ್ದಿಲ್ಲ. ದಕ್ಕೆಗೆ ಕಟ್ಟಿದ್ದ ತನ್ನ ದೋಣಿಯ ಪಕ್ಕದ ಐಸಿನ ಪೆಟ್ಟಿಗೆಯಿಂದ ದೊಡ್ಡ ಇಸವಣ ಮೀನೊಂದನ್ನು ಎತ್ತಿ ಮಗನ ಕೈಗಿಟ್ಟು, “ಮೂತಿ ಮುಟ್ಟಿ ಹೇಳು ತಮಾ, ಆಮೇಲೆ ತಕಂಡು ಹೋಗು,” ಎಂದ.

ವಿಶಾಲ ಮೀನನ್ನು ಎದೆಗೊತ್ತಿಕೊಂಡು ಇನ್ನೊಂದು ಕೈ ಚಾಚಿದ. ಕುಂಕುಮ ಇನ್ನೊಂದು ಗೇಣು ದೂರವಿರುವಾಗ ಕೈ ನಿಂತಿತು.

“ಎಂತ ಆತು?” ಎಂದ ನಾಗ.

ವಿಶಾಲ ತಲೆಯೆತ್ತದೆ ಗಂಗೆಯತ್ತ ನಡೆದು ಬಂದು, ಐಸಿನ ಹರಳು ಅಂಟಿದ್ದ ಮೀನನ್ನು ಅವಳ ಕೈಗಳ ಮೇಲಿಟ್ಟ.